ಎದೆಗೆ ಕಟ್ಟಿದ ಐದು ಕಿಲೋ

"ಕೂಸು ಎತ್ಕೊಳ್ಳೋದು ಅಂದ್ರ ಅದೇನು ಮಹಾ ವಿದ್ಯೇನ? ಐವತ್ತು ಕಿಲೋ ಚೀಲ ಎತ್ತಿ ಎತ್ತಿ ಗಟ್ಟಿಯಾದ ಮೈ ಇದು!"

ದಾಸನಕೊಪ್ಪದ ಕಿರಾಣಿ ಅಂಗಡಿಯ ಶಿವಲಿಂಗಪ್ಪ ಶನಿವಾರ ಬೆಳಿಗ್ಗೆ ಹೀಗೆ ಘೋಷಿಸಿದಾಗ, ಹೆಂಡತಿ ಗುರುಶಾಂತವ್ವ ರೊಟ್ಟಿ ಬಡಿಯುವ ಕೈಯನ್ನೂ ನಿಲ್ಲಿಸಲಿಲ್ಲ.

"ಚೀಲ ಅಳಂಗಿಲ್ರಿ," ಎಂದಳು.

ಅದೇ ಸಂಕಟ! ಮಗಳು ದಾಕ್ಷಾಯಿಣಿ ಬಾಣಂತನಕ್ಕೆ ಬಂದು ಐದು ತಿಂಗಳು ತುಂಬಿತ್ತು. ಸೋಮವಾರ ಅಳಿಯ ಯಲ್ಲಾಪುರದಿಂದ ಬಂದು ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುವವನಿದ್ದ. ಈ ಐದು ತಿಂಗಳಲ್ಲಿ ಮೊಮ್ಮಗ ಶರಣ ಓಣಿಯವರೆಲ್ಲರ ಕಂಕುಳನ್ನೂ ಏರಿ ಬಂದಿದ್ದ. ಕರೆಂಟ್ ಬಿಲ್ ಕೊಡಲು ಬಂದವನಿಗೂ ಬೊಚ್ಚು ಬಾಯಿ ತೆರೆದು ನಕ್ಕಿದ್ದ. ಅಜ್ಜನ ಕೈಗೆ ಬಂದರೆ ಮಾತ್ರ ಮೂರು ಎಣಿಸುವುದರೊಳಗೆ ಭೂಮಿ ಆಕಾಶ ಒಂದಾಗುವಂಥ ಅಳು! ಕೂಸಿನ ತಪ್ಪೇನೂ ಇಲ್ಲ ಬಿಡಿ. ಶಿವಲಿಂಗಪ್ಪ ಅದನ್ನು ಹಿಡಿಯುತ್ತಿದ್ದುದೇ ಸೋರುವ ಎಣ್ಣೆ ಡಬ್ಬಿಯ ಹಾಗೆ, ಮೈಯಿಂದ ಒಂದು ಮೊಳ ದೂರ.

ಆ ಕೈಗಳಿಗೆ ರೂಢಿಯೇ ಇರಲಿಲ್ಲ. ಹಿರಿಯರ ಎದುರು ಗಂಡಸು ತನ್ನ ಮಗುವನ್ನು ಎತ್ತಿ ಮುದ್ದಾಡುವುದು ಆ ಮನೆಯಲ್ಲಿ ನಾಚಿಕೆಗೇಡು. ಶಿವಲಿಂಗಪ್ಪನ ಅಪ್ಪ ಕೆರಿಯಪ್ಪಜ್ಜನೋ, ಬೆಳಗಿನಿಂದ ಸಂಜೆಯವರೆಗೆ ಪಡಸಾಲೆಯಲ್ಲೇ ಕುಳಿತಿರುವವನು. ದಾಕ್ಷಾಯಿಣಿ ಎರಡು ವರ್ಷದವಳಿದ್ದಾಗ ಒಮ್ಮೆ ಅಪ್ಪನ ಮುಂದೆ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಅಜ್ಜ ನೋಡುತ್ತಿದ್ದ. ಶಿವಲಿಂಗಪ್ಪ ಆ ಕೈಗೊಂದು ಪೆಪ್ಪರಮಿಂಟು ಇಟ್ಟು ಅಂಗಡಿಗೆ ನಡೆದುಬಿಟ್ಟ. ಮಗಳು ಮತ್ತೆಂದೂ ಹಾಗೆ ಕೈ ಎತ್ತಲಿಲ್ಲ. ಇಪ್ಪತ್ತಾರು ವರ್ಷ ಕಳೆದರೂ ಶಿವಲಿಂಗಪ್ಪ ಅದನ್ನು ಮರೆತಿರಲಿಲ್ಲ.

ಈಗ ಆಸೆ ಚಿಗುರಿಸಿದ್ದು ಅಳಿಯ ಕಳಿಸಿದ, ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲ. ನಾಲ್ಕು ಬೆಲ್ಟು, ಆರು ಕ್ಲಿಪ್ಪು!

"ಅಪ್ಪಾ, ಇದರಾಗ ಎದಿಗೆ ಕಟ್ಕೊಂಡ್ರ ಕೂಸಿಗೆ ನಮ್ಮ ಎದಿ ಬಡಿತ ಕೇಳತೈತಿ. ಅಳು ಕಡಿಮಿ, ನಿದ್ದಿ ಚೊಲೊ, ನಮ್ಮ ಎರಡೂ ಕೈ ಖಾಲಿ!" ಎಂದು ದಾಕ್ಷಾಯಿಣಿ ಮೊಬೈಲಿನಲ್ಲಿ ಜಗತ್ತನ್ನೇ ತೋರಿಸಿದಳು. ಆಫ್ರಿಕಾದ ತಾಯಿ ಬಣ್ಣದ ಬಟ್ಟೆಯಲ್ಲಿ ಕೂಸನ್ನು ಬೆನ್ನಿಗೆ ಬಿಗಿದುಕೊಂಡು ಕಾಳು ಕುಟ್ಟುತ್ತಿದ್ದಳು. ಪೆರು ದೇಶದವಳು ಕಂಬಳಿಯಲ್ಲಿ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದಳು.

"ಇದರಾಗ ಹೊಸಾದೇನೈತಿ?" ಎಂದಳು ಗುರುಶಾಂತವ್ವ. "ನಮ್ಮವ್ವ ನನ್ನನ್ನ ಹಳೇ ಸೀರ್ಯಾಗ ಬೆನ್ನಿಗೆ ಕಟ್ಕೊಂಡ ಗದ್ದಿ ಕಳೆ ತಗೀತಿದ್ಲು."

"ಯಲ್ಲಾಪುರದಾಗ ನಮ್ಮ ಮನಿಗೆ ಕೆಲಸಕ್ಕ ಬರೋ ಮಂಜಿ ಈಗೂ ಹಂಗ ಕಟ್ಕೋತಾಳವ್ವ. ಅಕಿ ಕೂಸು ಅತ್ತಿದ್ದು ನಾ ಕೇಳೇ ಇಲ್ಲ."

ಶಿವಲಿಂಗಪ್ಪನ ಕಣ್ಣು ಮಾತ್ರ ಬೇರೊಂದು ವಿಡಿಯೋದ ಮೇಲೆ ನೆಟ್ಟಿತ್ತು. ಯಾವುದೋ ಊರಿನ ಸಂತೆ. ಒಬ್ಬ ಗಂಡಸು, ಹಾಡುಹಗಲೇ, ಕೂಸನ್ನು ಎದೆಗೆ ಕಟ್ಟಿಕೊಂಡು ಬದನೆಕಾಯಿ ಆರಿಸುತ್ತಿದ್ದ! ಯಾರೂ ನಗುತ್ತಿರಲಿಲ್ಲ. ಶಿವಲಿಂಗಪ್ಪ ಅದನ್ನು ಮೂರು ಸಲ ನೋಡಿದ. ಕೂಸು ಊರಿಗೆ ಹೋಗುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಹೀಗೆ ಎತ್ತಿಕೊಳ್ಳಲೇಬೇಕು!

ಭಾನುವಾರ ತಾಯಿ ಮಗಳು ಕೂಸಿಗೆ ಅಂಗಿ ತರಲು ಕೂಸಿನ ಸಮೇತ ಶಿರಸಿಗೆ ಹೋದರು. ಶಿವಲಿಂಗಪ್ಪ ಮನೆಯ ಮುಂಭಾಗದ ಅಂಗಡಿಯಲ್ಲಿ ತಾಲೀಮು ಶುರು ಮಾಡಿದ. ಕೂಸಿನ ಬದಲಿಗೆ ಐದು ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲ. ಸೊಂಟದ ಬೆಲ್ಟು ಬಿಗಿದ, ಹೆಗಲಿನದು ಏರಿಸಿದ, ಬೆನ್ನ ಹಿಂದಿನ ಕ್ಲಿಪ್ಪನ್ನು ಮೈ ತಿರುಚಿ ತಿರುಚಿ ಹೇಗೋ ಸಿಕ್ಕಿಸಿದ. ಟಕ್! ಸಕ್ಕರೆ ಮೂಟೆಯಿಂದ ಬೆಲ್ಲದ ಪೆಂಟೆಯವರೆಗೆ ನಾಲ್ಕು ಸುತ್ತು ಮೆರವಣಿಗೆ ನಡೆಯಿತು. "ಜೋ ಜೋ ನನ್ನ ರಾಜಾ" ಎಂದು ಬೆನ್ನೂ ತಟ್ಟಿದ. ಅಕ್ಕಿ ಅಳಲಿಲ್ಲ. ದಿಗ್ವಿಜಯ!

ಬಿಚ್ಚಲು ಹೋದಾಗಲೇ ತಿಳಿದದ್ದು, ಬೆನ್ನಿನ ಕ್ಲಿಪ್ಪಿಗೆ ಕೈ ಎಟುಕುತ್ತಿಲ್ಲ! ಮೇಲಿನಿಂದ ಬಲಗೈ, ಕೆಳಗಿನಿಂದ ಎಡಗೈ. ಊಹೂಂ. ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ಎಮ್ಮೆಯ ಹಾಗೆ ತಿಕ್ಕಿಯೂ ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಮುರಿಗೆವ್ವ ಸಕ್ಕರೆಗೆ ಬಂದಳು. ಶಿವಲಿಂಗಪ್ಪ ಗಡಬಡಿಸಿ ಅಕ್ಕಿಯ ಮೇಲೆ ಟವೆಲು ಹೊದಿಸಿದ.

"ಅಯ್ಯ ನಮ್ಮಪ್ಪ! ಮೊಮ್ಮಗನ್ನ ಎದಿಗೆ ಕಟ್ಕೊಂಡ ವ್ಯಾಪಾರ ನಡಸೀರೇನ? ಮಾರಿ ತೋರಸ್ರಿ!"

ಬಿಚ್ಚಿಕೊಡು ಎಂದು ಕೇಳಬಹುದಿತ್ತು. ಆದರೆ ಮರ್ಯಾದೆ? ಅಂಗಡಿಕಾರ ಅಕ್ಕಿಗೆ ಜೋಗುಳ ಹಾಡಿದ ಸುದ್ದಿ ಸಂಜೆಯೊಳಗೆ ಬನವಾಸಿ ತಲುಪುತ್ತಿತ್ತು.

"ಈಗರ ಮಲಗೈತಿ, ಎಬ್ಬಿಸಬ್ಯಾಡವಾ."

"ಒಳಗ ಏನೋ ಸರಸರ ಅಂತೈತಲ್ರಿ?"

"ಡಯಾಪರು! ಹೊಸಾ ನಮೂನಿ ಡಯಾಪರು!"

ಮುರಿಗೆವ್ವ ಸಕ್ಕರೆ ಮರೆತು ಓಡಿದಳು. ಐದೇ ನಿಮಿಷದಲ್ಲಿ ಆರು ಹೆಂಗಸರು ಅಂಗಡಿಯ ಮುಂದೆ! ಒಬ್ಬಳು ದೂರದಿಂದಲೇ ದೃಷ್ಟಿ ನಿವಾಳಿಸಿದಳು. ಇನ್ನೊಬ್ಬಳು "ನಮ್ಮ ಮನಿಯವ್ರಿಗೂ ಒಂಚೂರು ಬುದ್ಧಿ ಹೇಳ್ರಿ" ಎಂದಳು. ಮುರಿಗೆವ್ವನ ಕೈ ಟವೆಲಿನ ತುದಿಗೆ ಬಂದದ್ದೇ ತಡ, ಶಿವಲಿಂಗಪ್ಪ ಗಲ್ಲಾಪೆಟ್ಟಿಗೆಯನ್ನೂ ಬಿಟ್ಟು ಮನೆಯೊಳಗೆ ನುಗ್ಗಿದ.

ಪಡಸಾಲೆಯಲ್ಲಿ ಎಂಬತ್ತನಾಲ್ಕರ ಕೆರಿಯಪ್ಪಜ್ಜ!

"ಯಾರದು? ಶಿವಲಿಂಗೇನ? ಎದಿ ಮ್ಯಾಲೇನದು, ಕೂಸೇನು?"

ಐವತ್ತೆಂಟು ವರ್ಷದ ಮಗ ಟವೆಲನ್ನು ಇನ್ನಷ್ಟು ಎಳೆದು ಮುಚ್ಚಿಕೊಂಡ. ಪೊರೆ ಬಂದ ಕಣ್ಣಿನ ಮುದುಕ ಕೈ ಚಾಚಿ ಟವೆಲಿನ ಕೆಳಗೆ ಒತ್ತಿ ನೋಡಿದ.

"ಅಕ್ಕಿ."

"ಹೂಂನಪ್ಪ."

"ಸೋನಾ ಮಸೂರಿ."

"ಹೂಂ."

"ತಲಿ ನೆಟ್ಟಗೈತೇನು ನಿಂದು?"

ಶಿವಲಿಂಗಪ್ಪನಿಗೆ ತಡೆಯಲಾಗಲಿಲ್ಲ. "ನಾಳೆ ಹೊಂಟೇಬಿಡ್ತಾರಲ್ಲಪ್ಪ. ಒಮ್ಮೆರ ಎತ್ಕೋಬೇಕು ಅಂತ ಭಾಳ ಆಸೆ ಆಗೇತಿ. ನನ್ನ ಕೈಗೆ ರೂಢಿ ಇಲ್ಲ. ದಾಕ್ಷಾಯಿಣೀನ್ನೂ ಎತ್ಕೊಂಡಿಲ್ಲ," ಎಂದ.

ಅದೇ ಹೊತ್ತಿಗೆ ಶಿರಸಿಗೆ ಹೋದವರು ಬಂದರು. ಗುರುಶಾಂತವ್ವ ಗಂಡನ ಅವತಾರ ಕಂಡು ಗೋಡೆ ಹಿಡಿದು ನಕ್ಕಳು. ಒಂದೇ ಬೆರಳಿನಲ್ಲಿ ಕ್ಲಿಪ್ಪು ಬಿಚ್ಚಿದಳು. ದಾಕ್ಷಾಯಿಣಿಯೂ ನಕ್ಕಳು. ಆದರೆ ಅಪ್ಪನ ಕಣ್ಣು ನೋಡಿದವಳೇ ನಗು ನಿಲ್ಲಿಸಿ, ಅಕ್ಕಿಯನ್ನು ತೆಗೆದು ಕೆಳಗಿಟ್ಟು, ಶರಣನನ್ನು ಅಪ್ಪನ ಎದೆಯ ಚೀಲದೊಳಗೆ ಇಳಿಸಿ ಬೆಲ್ಟು ಬಿಗಿಯತೊಡಗಿದಳು.

"ಬ್ಯಾಡವಾ, ಅಜ್ಜ ಕುಂತಾನ," ಎಂದು ಶಿವಲಿಂಗಪ್ಪ ಪಿಸುಗುಟ್ಟಿದ.

ಕರ್ರ್ ಎಂದು ಸದ್ದಾಯಿತು. ಕೆರಿಯಪ್ಪಜ್ಜ ಎದ್ದು, ಕುರ್ಚಿಯನ್ನು ತಾನೇ ಎಳೆದು ತಿರುಗಿಸಿ, ಗೋಡೆಗೆ ಮುಖ ಮಾಡಿ ಕುಳಿತ.

"ನಾ ಇಲ್ಲಿಲ್ಲ ಅಂತ ತಿಳಿ. ಎತ್ಕೋ."

ಶರಣ ಮೂತಿ ಉಬ್ಬಿಸಿದ. ಒಂದು... ಎರಡು... ಮೂರು... ಅಳಲಿಲ್ಲ! ಅಜ್ಜನ ಎದೆಗೆ ಕಿವಿ ಒತ್ತಿ, ಅಂಗಿಯ ಗುಂಡಿ ಹಿಡಿದುಕೊಂಡು ಸುಮ್ಮನಾದ. ಶಿವಲಿಂಗಪ್ಪ ಕಲ್ಲಿನ ಕಂಬದಂತೆ ನಿಂತ. ದಾಕ್ಷಾಯಿಣಿ ಬೆಲ್ಟು ಸರಿಯಾಗಿದ್ದರೂ ಮತ್ತೆ ಮತ್ತೆ ಸರಿ ಮಾಡುತ್ತ ಅಪ್ಪನ ಹತ್ತಿರವೇ ನಿಂತಳು.

"ಉಸುರು ಬಿಡ್ರಿ! ಎದಿ ಬಡಿತ ನಿಂತ್ರ ಕೂಸು ಅತ್ತೀತು!" ಎಂದಳು ಗುರುಶಾಂತವ್ವ.

ಉಸಿರಿನ ಜೊತೆಗೆ ಶಿವಲಿಂಗಪ್ಪನ ಜಂಬವೂ ಮರಳಿ ಬಂತು. "ಯಪ್ಪಾ! ಅಳವಲ್ದು ನೋಡು! ಐವತ್ತೆಂಟರಾಗ ಕಲತೆ ನೋಡಪಾ! ನಿನ್ನ ಕೈಲಿ ಆಗಿತ್ತೇನು ಇದು?"

ಮುದುಕ ಗೋಡೆಯ ಕಡೆಯಿಂದ ತಿರುಗಲಿಲ್ಲ.

"ನಮ್ಮಪ್ಪನೂ ಪಡಸಾಲಿಯೊಳಗ ಕುಂತಿರತಿದ್ದ. ನಿನ್ನ ತೊಟ್ಟಲದ ಕಡೆ ನಾ ಎಷ್ಟ ಸಲ ಹೆಜ್ಜಿ ಇಟ್ಟೇನಿ, ದೇವರಿಗೇ ಗೊತ್ತು," ಎಂದ. "ಆ ಮನಶಾ ಒಂದ್ ದಿನಾನೂ ಗ್ವಾಡಿ ಕಡೆ ತಿರಗಲಿಲ್ಲೋ, ಶಿವಲಿಂಗಾ."