ಎಮ್ಮೆ ಒಪ್ಪದ ಕೈಗಳು

ನಿವೃತ್ತನಾದ ಗಂಡಸು ಹೆಂಡತಿಯ ಯಾವ ಕೆಲಸದ ಬಗ್ಗೆಯೂ "ಅದೇನ್ ಮಹಾ" ಎನ್ನಬಾರದು. ಈ ಬುದ್ಧಿ ನನಗೆ ಬಂದದ್ದು ಕಳೆದ ಚಳಿಗಾಲದಲ್ಲಿ, ಅದೂ ಎಮ್ಮೆಯ ಹಿಂಗಾಲಿನಿಂದ. ಹಾನಗಲ್ಲಿನ ಬಸ್ ನಿಲ್ದಾಣದ ಕಿಟಕಿಯಲ್ಲಿ ಕೂತು ಮೈಕಿನಲ್ಲಿ "ಹಿರೇಕೆರೂರು, ಹಿರೇಕೆರೂರು" ಎಂದು ಮೂವತ್ತು ವರ್ಷ ಕೂಗಿದವನು ನಾನು. ನನ್ನ ಒಂದು ಮಾತಿಗೆ ಬಸ್ಸುಗಳು ಹಿಂದೆ ಸರಿಯುತ್ತಿದ್ದವು, ಮುಂದೆ ಬರುತ್ತಿದ್ದವು. ಹೀಗಾಗಿ ಒಂದು ಎಮ್ಮೆ ನನ್ನ ಮಾತು ಕೇಳದಿದ್ದೀತೇ ಎಂಬ ಧಿಮಾಕು ನನಗಿತ್ತು.

ಆಡೂರಿನ ಹಾದಿಯಲ್ಲಿ, ಮನೆಯಿಂದ ಎರಡು ಕಿಲೋಮೀಟರ್ ದೂರಕ್ಕೆ ನಮ್ಮದೊಂದು ತುಂಡು ಹೊಲವಿದೆ. ಅಲ್ಲಿನ ಕೊಟ್ಟಿಗೆಯಲ್ಲಿ ಚಂದ್ರಿ ಎಂಬ ಎಮ್ಮೆ. ತಾಯಿ ಸತ್ತ ಕರುವನ್ನು ನನ್ನ ಹೆಂಡತಿ ಗಿರಿಜಾ ಬಾಟಲಿಯಲ್ಲಿ ಹಾಲು ಕುಡಿಸಿ ಎಮ್ಮೆ ಮಾಡಿದ್ದಾಳೆ. ದಿನಾ ಎರಡು ಹೊತ್ತು ನಡೆದೇ ಹೋಗಿ ಹಾಲು ಹಿಂಡಿಕೊಂಡು ಬರುತ್ತಾಳೆ. ಶಿಗ್ಗಾವಿಯಲ್ಲಿರುವ ಅವಳ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಗಿರಿಜಾ ಹೋಗಲೇಬೇಕಾಯಿತು. "ಚಂದ್ರಿನ್ನ ಫಕ್ಕೀರಪ್ಪಗ ಒಪ್ಪಿಸಿ ಹೋಗ್ತೇನಿ" ಎಂದಳು. ಫಕ್ಕೀರಪ್ಪ ಪಕ್ಕದ ಹೊಲದವನು, ರಾತ್ರಿ ಕೊಟ್ಟಿಗೆಯ ಮೇಲೆ ಕಣ್ಣಿಡುವವನು. ನನಗೆ ಅವಮಾನವಾಯಿತು. "ಯಾಕ, ನಾ ಸತ್ತೇನೇನು? ಸಣ್ಣಾಂವ ಇದ್ದಾಗ ಎಷ್ಟ ಎಮ್ಮಿ ಹಿಂಡೇನಿ! ಅದೇನ್ ಮಹಾ" ಎಂದೆ. ಗಿರಿಜಾ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಬ್ಯಾಗು ತೆಗೆದುಕೊಂಡು ಹೊರಟಳು.

ಮೊದಲ ಸಂಜೆ ಚಂದ್ರಿ ತಕರಾರಿಲ್ಲದೆ ತಂಬಿಗೆ ತುಂಬಾ ಹಾಲು ಕೊಟ್ಟಿತು. ನಾನು ಶಿಗ್ಗಾವಿಗೆ ಫೋನು ಮಾಡಿ ಇಪ್ಪತ್ತು ನಿಮಿಷ ಬಡಾಯಿ ಕೊಚ್ಚಿದೆ. ಮರುದಿನ ಬೆಳಗಿನ ಆರಕ್ಕೆ ಸೈಕಲ್ ಹತ್ತಿದೆ. ಮಂಜು ಹೇಗಿತ್ತೆಂದರೆ ಮುಂದಿನ ಗಾಲಿ ಇದೆಯೋ ಇಲ್ಲವೋ ಎಂದು ನಂಬಿಕೆಯ ಮೇಲೆ ಪೆಡಲು ತುಳಿಯಬೇಕು. ಹ್ಯಾಂಡಲಿನ ಕಬ್ಬಿಣ ಕೈಯನ್ನು ಕಚ್ಚುತ್ತಿತ್ತು. ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಹತ್ತು ಬೆರಳೂ ಬೇರೆ ಯಾರದೋ ಆಗಿದ್ದವು. ಕೆಚ್ಚಲಿಗೆ ಕೈ ಹಚ್ಚಿದ್ದಷ್ಟೇ ನೆನಪು. ಮರುಕ್ಷಣ ನಾನು ಸಗಣಿಯಲ್ಲಿ, ತಂಬಿಗೆ ಬಾಗಿಲಾಚೆ. ಫಕ್ಕೀರಪ್ಪ ಬಂದು ನನ್ನ ಕೈ ಹಿಡಿದು ಎಬ್ಬಿಸಿದವನು ಚಟ್ಟನೆ ಆ ಕೈ ಬಿಟ್ಟುಬಿಟ್ಟ. "ಯಪ್ಪಾ! ಏನ್ರಿ ಸಾಹೇಬ್ರ, ಈ ಪರಿ ತಣ್ಣಗ ಅದಾವ? ಒದೀದ ಏನ್ ಮಾಡತೈತ್ರಿ ಪಾಪ! ನಾ ಹಿಂಡ್ಲೇನು?"

"ಬ್ಯಾಡ" ಎಂದೆ.

"ಹಠ ಮಾಡಬ್ಯಾಡ್ರಿ. ಮುಂಜಾನಿ ಹಾಲು ಕೆಚ್ಚಲದಾಗ ಉಳೀತಂದ್ರ ಎಮ್ಮಿ ಬತ್ತಾಕ ಹತ್ತತೈತಿ. ಗಿರಿಜಕ್ಕಾರು ಬಂದು ಕೇಳಿದ್ರ ಏನ್ ಹೇಳ್ತೀರಿ?"

ಆ ಮಾತು ಎದೆಗೆ ನಾಟಿತು. ಸುಳ್ಳು ಯಾಕೆ ಹೇಳಲಿ, ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಗುವಿನಂತೆ ಸಾಕಿದ ಎಮ್ಮೆಯನ್ನು ಗಂಡ ಒಂದು ವಾರದಲ್ಲಿ ಬತ್ತಿಸಿಟ್ಟ ಎಂದರೆ ಗಿರಿಜಾ ಜಗಳ ಆಡುವುದಿಲ್ಲ, ಸುಮ್ಮನಿರುತ್ತಾಳೆ. ಅವಳ ಜಗಳವನ್ನಾದರೂ ತಡೆದುಕೊಳ್ಳಬಹುದು, ಮೌನವನ್ನಲ್ಲ. ಕೊಟ್ಟಿಗೆಯಲ್ಲಿ ಬೆಂಕಿ ಕಾಯಿಸಿಕೊಳ್ಳೋಣವೆಂದರೆ ಪಕ್ಕದಲ್ಲೇ ಗೋವಿನಜೋಳದ ಒಣ ಕಣಿಕೆಯ ಬಣವೆ. ಅಲ್ಲಿ ಕಡ್ಡಿಪೆಟ್ಟಿಗೆ ತರಕೂಡದೆಂದು ಅವಳ ಕಟ್ಟಪ್ಪಣೆ ಬೇರೆ. ಸಂಜೆಯ ಬಿಸಿಲಿಗೆ ಕೈ ಬೆಚ್ಚಗಿರುತ್ತಿದ್ದರಿಂದ ಆಗ ತಕರಾರಿರಲಿಲ್ಲ, ಗಂಡಾಂತರವೆಲ್ಲ ಬೆಳಗಿನದು. ಅಂದಮೇಲೆ ಕೈಯನ್ನು ಮನೆಯಿಂದಲೇ ಬೆಚ್ಚಗೆ ತರಬೇಕು.

ಎರಡನೆಯ ದಿನ ಕೈಗೆ ಕಾಲುಚೀಲ ಹಾಕಿಕೊಂಡು ಹೊರಟೆ. ಎದುರಿಗೆ ಹಿರಿಯರೊಬ್ಬರು ಬಂದರು. ನಮ್ಮ ಕಡೆ ಹಿರಿಯರು ಕಂಡರೆ ಕೈಯೆತ್ತಿ "ಶರಣ್ರಿ" ಎನ್ನದೆ ಮುಂದೆ ಹೋಗುವ ಪದ್ಧತಿಯಿಲ್ಲ. ಎತ್ತಿದೆ. ಅವರು ನನ್ನ ಕೈ ನೋಡಿ, "ಅಯ್ಯ ಶಿವನ, ಸುಟ್ಕೊಂಡ್ರೇನ್ರಿ?" ಎಂದು ಮರುಗಿದರು. ಅದನ್ನು ವಿವರಿಸಲು ಹೋಗಿ ಬ್ರೇಕು ಹಿಡಿದರೆ ಚೀಲ ಜಾರಿತು, ಸೈಕಲ್ಲು ಕಾಲುವೆಗೆ ಇಳಿಯಿತು. ಒದ್ದೆ ಕೈಯಲ್ಲಿ ಹೋದದ್ದಕ್ಕೆ ಚಂದ್ರಿ ಬಾಲದಿಂದಲೂ ಒಂದು ಕೊಟ್ಟಿತು. ಮೂರನೆಯ ದಿನಕ್ಕೆ ಸವಣೂರಿಗೆ ಹೋಗಿ ಉಣ್ಣೆಯ ಕೈಗವಸು ತಂದೆ. ಅವೇನೋ ಬೆಚ್ಚಗಿದ್ದವು. ಆದರೆ ಹೊಳೆಯುವ ಆ ಕೆಂಪು ಬಣ್ಣ ಕಂಡು ಚಂದ್ರಿ ಗೂಟ ಕಿತ್ತುಕೊಂಡು ಹೊಲದ ಪಾಲಾಯಿತು. ಫಕ್ಕೀರಪ್ಪ ಅದನ್ನು ಹಿಡಿದು ತರುವಷ್ಟರಲ್ಲಿ, ಕೈಗವಸು ಬಿಚ್ಚಿಟ್ಟ ನನ್ನ ಕೈಗಳು ಮತ್ತೆ ಮೊದಲಿನಂತಾಗಿದ್ದವು.

ನಾಲ್ಕನೆಯ ದಿನ ತಲೆ ಓಡಿಸಿದೆ. ಪಕ್ಕದ ಮನೆಯವರಿಂದ ಎರಡು ಬಿಸಿ ರೊಟ್ಟಿ ಇಸಿದುಕೊಂಡು, ಕೋಟಿನ ಎರಡೂ ಜೇಬಿಗೆ ಒಂದೊಂದು ಮಡಚಿ ಇಟ್ಟೆ. ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಜೇಬಿನಲ್ಲಿ. ನೂರು ಎಣಿಸಿ ಅದಲುಬದಲು. ಏನು ಸುಖ ಅಂತೀರಿ! ಆದರೆ ರೊಟ್ಟಿಯ ವಾಸನೆ ನನಗಿಂತ ಮುಂದೆ ಹೋಗಿತ್ತು. ಊರ ಹೊರಗಿನ ಐದು ನಾಯಿಗಳು ಬೆನ್ನು ಹತ್ತಿದವು. ಎಡಜೇಬಿನ ರೊಟ್ಟಿಯನ್ನು ಅವುಗಳಿಗೆ ಎಸೆದು ಜೀವ ಉಳಿಸಿಕೊಂಡೆ. ಹೀಗೆ ಬಲಗೈ ಬೆಚ್ಚಗೆ, ಎಡಗೈ ಮಂಜುಗಡ್ಡೆ ಮಾಡಿಕೊಂಡು ಕೊಟ್ಟಿಗೆ ತಲುಪಿದೆ. ಚಂದ್ರಿಯ ನ್ಯಾಯ ಮೆಚ್ಚಬೇಕು. ಬಲಗೈ ಮುಟ್ಟಿದಾಗ ಹಾಲು ಬಿಟ್ಟಿತು, ಎಡಗೈ ಮುಟ್ಟಿದಾಗ ಕಾಲು ಬಿಟ್ಟಿತು. ಸಿಕ್ಕ ಅರ್ಧ ತಂಬಿಗೆಯೂ ಚೆಲ್ಲಿಹೋಯಿತು. ಆ ಸಂಜೆ ಫೋನಿನಲ್ಲಿ ಗಿರಿಜಾ, "ಚಂದ್ರಿ ಹೆಂಗೈತ್ರಿ?" ಎಂದಳು. "ಮಸ್ತ್ ಐತಿ" ಎಂದೆ. ಅವಳು ಫೋನು ಇಟ್ಟ ಮೇಲೆ ಬಹಳ ಹೊತ್ತು ಮೊಣಕಾಲಿಗೆ ಮುಲಾಮು ತಿಕ್ಕುತ್ತಾ ಕೂತಿದ್ದೆ.

ಅಷ್ಟರಲ್ಲಿ ಫಕ್ಕೀರಪ್ಪ ಅವಳಿಗೆ ಫೋನು ಮಾಡಿ ಎಲ್ಲ ಹೇಳಿದ್ದ. ಮರುದಿನ ಮಧ್ಯಾಹ್ನ ಗಿರಿಜಾ ಮನೆಯ ಬಾಗಿಲಲ್ಲಿದ್ದಳು. ಅದರ ಮರುದಿನ ಬೆಳಗ್ಗೆ ಸೈಕಲ್ಲಿನ ಹಿಂದೆ ಕೂತು ನನ್ನೊಡನೆ ಹೊಲಕ್ಕೆ ಬಂದಳು. ನಾನು ತಂಬಿಗೆ ಹಿಡಿದು ಕೆಚ್ಚಲಿನ ಕಡೆ ನಡೆದರೆ, "ಅಲ್ಲೆಲ್ಲಿ ಹೊಂಟ್ರಿ? ಮೊದಲ ಮಾರಿ ಕಡೆ ಬರ್ರಿ, ಮಾತಾಡಸ್ರಿ" ಎಂದು ಎಮ್ಮೆಯ ಮುಖದ ಕಡೆಗೆ ಎಳೆದುಕೊಂಡು ಹೋದಳು. ನನ್ನ ಎರಡೂ ಕೈ ಹಿಡಿದು ಚಂದ್ರಿಯ ಮುಂಗಾಲಿನ ಕಂಕುಳಲ್ಲಿ ಸೇರಿಸಿದಳು. ಅಲ್ಲಿ ಒಲೆಯ ಮುಂದೆ ಕೂತಷ್ಟು ಬೆಚ್ಚಗಿತ್ತು. ಅವಳು ಅದರ ಕುತ್ತಿಗೆಯ ಕೆಳಗೆ ತುರಿಸುತ್ತಾ ಅಕ್ಕನ ಕಾಲಿನ ಸುದ್ದಿಯನ್ನೆಲ್ಲ ಚಂದ್ರಿಗೆ ಹೇಳಿದಳು. ಐದು ನಿಮಿಷಕ್ಕೆ ನನ್ನ ಬೆರಳುಗಳು ನನ್ನವಾದವು. ಕೂತು ಹಿಂಡಿದರೆ ಹಾಲು ಸರ್ ಸರ್ ಎಂದು ಇಳಿಯಿತು. ಚಂದ್ರಿ ಬತ್ತಿರಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು.

ನೀರು ಒರೆಸಿಕೊಂಡು, ಹಳೆಯ ಚಾಳಿಯಂತೆ, "ನೋಡಿದೇನು? ಕೈ ಬೆಚ್ಚಗಿದ್ರ ಒದಿಯಂಗಿಲ್ಲ ಇದು" ಎಂದೆ, ನಾನೇ ಕಂಡುಹಿಡಿದವನ ಹಾಗೆ.

"ಹೌದ್ರಿ, ಭಾಳ ಶ್ಯಾಣ್ಯಾ ಐತಿ ಚಂದ್ರಿ" ಎಂದಳು ಗಿರಿಜಾ. "ನೀವು ರಾತ್ರಿ ಡ್ಯೂಟಿ ಮುಗಿಸಿ ಸೈಕಲ್ ಹೊಡ್ಕೊಂಡ ಬಂದು, ರೊಟ್ಟಿ ಬಡಿಯಾಕ ಕುಂತ ನನ್ನ ಬೆನ್ನಿಗೆ ಇದ ತಣ್ಣನ್ನ ಕೈ ಹಚ್ಚಿ ಕಿಸಿಕಿಸಿ ನಗತಿದ್ರಿ. ಮೂವತ್ತು ಚಳಿಗಾಲ! ನಾನೂ ಮೊದಲನೇ ದಿನನ ಒಂದು ಝಾಡಿಸಿ ಒದ್ದಿದ್ರ, ಇಷ್ಟೊತ್ತಿಗೆ ನೀವು ಕಲ್ತಿರತಿದ್ರಿ."

ನಾನು ಅದನ್ನು ಸರಸ ಎಂದುಕೊಂಡಿದ್ದೆ. ಅವಳು ನನ್ನ ಎಡಕ್ಕೆ, ಒದ್ದರೆ ತಾಗುವಷ್ಟು ಹತ್ತಿರ ನಿಂತಿದ್ದಳು. ಕೂತ ಮಣೆಯನ್ನು ಒಂದು ಗೇಣು ಚಂದ್ರಿಯ ಕಡೆಗೆ ಸರಿಸಿಕೊಂಡೆ.