ಲೆನ್ ಕುಬಿಯಾಕನ ನ್ಯಾಯವಾದ ಬೆಲೆ

“ಹಳೇ ಪಿನ್‌ಬಾಲ್ ಯಂತ್ರದ ನ್ಯಾಯವಾದ ಬೆಲೆ ಗೊತ್ತಿರೋನು ಈ ಶಿಕಾಗೋ ಸುತ್ತಮುತ್ತ ಒಬ್ಬನೇ ಒಬ್ಬ. ಅವನು ಈಗ ನಿನ್ನೆದುರು ಕೂತು ಮೊಟ್ಟೆ ತಿಂತಿದ್ದಾನೆ!” ಎಂದು ಲೆನ್ ಕುಬಿಯಾಕ್ ಶನಿವಾರ ಬೆಳಿಗ್ಗೆ ಹೆಂಡತಿಗೆ ಘೋಷಿಸಿದ.

“ಅವನ ಗಲ್ಲದ ಮೇಲೆ ಮೊಟ್ಟೆ ಅಂಟಿದೆ, ಒರೆಸ್ಕೊಳ್ಳೋಕೆ ಹೇಳು,” ಎಂದಳು ಡೊರೀನ್.

ಲೆನ್ ಒರೆಸಿಕೊಂಡ. ಮಹಾಪುರುಷರು ಇಂಥ ಸಣ್ಣ ಮಾತಿಗೆಲ್ಲ ಕುಗ್ಗುವುದಿಲ್ಲ. ವಾರಕ್ಕೆ ಐದು ದಿನ ಕಾರ್ಪೆಟ್ ಅಂಗಡಿಯ ಪರವಾಗಿ ಜನರ ಮನೆಯ ನೆಲ ಅಳೆಯುವ ಈ ಮನುಷ್ಯ, ಶನಿವಾರ ಬಂತೆಂದರೆ ಹಳೆಯ ಯಂತ್ರಗಳ ಬೇಟೆಗೆ ಹೊರಡುವ ಚಕ್ರವರ್ತಿ! ಅವನ ನೆಲಮಾಳಿಗೆಯಲ್ಲಿ ಈಗಾಗಲೇ, ಕಾಸು ಹಾಕಿ ಉಕ್ಕಿನ ಗುಂಡು ಚಿಮ್ಮಿಸಿ ಅಂಕ ಗಳಿಸುವ ಒಂಬತ್ತು ಪಿನ್‌ಬಾಲ್ ಯಂತ್ರಗಳು ಸಾಲಾಗಿ ನಿಂತಿದ್ದವು. ಡೊರೀನ್ ಬಟ್ಟೆ ಒಗೆಯಬೇಕಾದರೆ ಹೊಟ್ಟೆ ಒಳಗೆಳೆದುಕೊಂಡು, ಅಡ್ಡಡ್ಡ ನಡೆದು ಒಗೆಯುವ ಯಂತ್ರವನ್ನು ತಲುಪಬೇಕಿತ್ತು.

ಆ ದಿನದ ಬೇಟೆ ಮಾತ್ರ ಸಾಮಾನ್ಯದ್ದಲ್ಲ. ಶಿಕಾಗೋ ಪಕ್ಕದ ಬರ್ವಿನ್ ಊರಿನ ಬೇಕರಿಯ ಗೋಡೆಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ‘ಮಾರಾಟಕ್ಕಿದೆ. ಗಂಡನ ಪಿನ್‌ಬಾಲ್. ಹೆಸರು ಸಂಡೇ ಪೋಲ್ಕಾ. ಸಾವಿರದ ಇನ್ನೂರು ಡಾಲರ್.’ ಅದನ್ನು ಓದಿದಾಗ ಲೆನ್‌ನ ಕೈಯಲ್ಲಿದ್ದ ಬ್ರೆಡ್ಡು ಕೆಳಗೆ ಬಿದ್ದಿತ್ತು. ಸಂಡೇ ಪೋಲ್ಕಾ! ಹನ್ನೊಂದು ವರ್ಷದವನಿದ್ದಾಗ ಅಪ್ಪ ಬಿಯರ್ ಕುಡಿಯುತ್ತ ಕೂತ ಪಡಖಾನೆಯಲ್ಲಿ, ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಆಡಿದ ಯಂತ್ರ ಅದು. ಅದರ ತಲೆಯ ಮೇಲೆ ನಿಲ್ಲಿಸಿದ ಗಾಜಿನಲ್ಲಿ ಕೆಂಪು ಲಂಗದ ಹುಡುಗಿಯೊಬ್ಬಳು ಕಾಲೆತ್ತಿ ಕುಣಿಯುತ್ತಿದ್ದಳು. ಅಂಕ ಏರಿದಂತೆ ಅವಳ ಹಿಂದೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಹತ್ತೊಂಬತ್ತು ವರ್ಷಗಳಿಂದ ಲೆನ್ ಅದನ್ನು ಮೂರು ರಾಜ್ಯಗಳಲ್ಲಿ ಹುಡುಕಿದ್ದ. ಡೊರೀನಳನ್ನು ಹುಡುಕಲು ಅವನಿಗೆ ಮೂರು ವಾರವೂ ಹಿಡಿದಿರಲಿಲ್ಲ.

“ಸಾವಿರದ ಎಂಟುನೂರಕ್ಕೆ ಕಣ್ಮುಚ್ಚಿ ತಗೋಬಹುದು,” ಎಂದ ಲೆನ್ ಕಾರಿನಲ್ಲಿ. “ಅದರಲ್ಲೂ ಆ ಚಿತ್ರದ ಗಾಜು ಇದೆಯಲ್ಲ, ಅದೇ ಯಂತ್ರದ ಪ್ರಾಣ. ಅದು ಹೋದ್ರೆ ಹೋಯ್ತು, ಬೇರೆಲ್ಲೂ ಸಿಗಲ್ಲ.”

“ಸರಿ, ಅವರು ಕೇಳ್ತಿರೋದು ಸಾವಿರದ ಇನ್ನೂರು. ಕೊಟ್ಟು ಬಾ.”

“ಕೇಳಿದಷ್ಟು ಕೊಡೋಕೆ ನಾನೇನು ಪೆದ್ದನಾ? ನೋಡ್ತಿರು, ಐನೂರಕ್ಕೆ ಇಳಿಸ್ತೀನಿ. ಇದಕ್ಕೊಂದು ಶಾಸ್ತ್ರ ಇದೆ ಡೊರೀನ್! ಯಂತ್ರ ಕಂಡ ತಕ್ಷಣ ಚರಂಡಿ ವಾಸನೆ ಬಂದೋರ ಹಾಗೆ ಮುಖ ಮಾಡ್ಬೇಕು. ಒಂದು ಹೊಗಳಿಕೆ ಬಾಯಿಂದ ಬಿತ್ತು ಅಂದ್ರೆ ನೂರು ಡಾಲರ್ ಏರುತ್ತೆ. ಪ್ರೀತಿಯಿಂದ ಮುಟ್ಟಿದ್ಯೋ, ಇನ್ನೂರು!”

“ಓಹೋ. ಮದುವೆಯಾದಾಗಿನಿಂದ ನನ್ನ ಮೇಲೂ ಇದೇ ಶಾಸ್ತ್ರ ನಡೀತಿದೆ ಅನ್ನು.”

ಯಂತ್ರದ ಒಡತಿ ಮಿಸೆಸ್ ಹ್ರೂಬಿ ಚೆಕ್ ದೇಶದ ಮೂಲದ ಎಂಬತ್ತೊಂದು ವರ್ಷದ ಮುದುಕಿ. ಪಡಖಾನೆ ನಡೆಸುತ್ತಿದ್ದ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಇವರು ಹೋದಾಗ ಆಕೆ ಮಂಡಿಯೂರಿ ಮನೆಯೆದುರಿನ ಕಾಲುದಾರಿಯನ್ನು ಸೋಪುನೀರಿನಲ್ಲಿ ಉಜ್ಜುತ್ತಿದ್ದಳು. ಬರ್ವಿನ್ನಿನ ಚೆಕ್ ಹೆಂಗಸರೆಲ್ಲ ಹಾಗೆಯೇ. ಮನೆಯೊಳಗೆ ಉಜ್ಜಿ ಮುಗಿದರೆ ಮೆಟ್ಟಿಲು, ಮೆಟ್ಟಿಲು ಮುಗಿದರೆ ಬೀದಿ, ಬೀದಿ ಮುಗಿದರೆ ಕಸದ ಡಬ್ಬಿಯ ಮುಚ್ಚಳ! ಆ ಡಬ್ಬಿಯಲ್ಲಿ ಕಸ ಹಾಕಲು ಕಸಕ್ಕೇ ನಾಚಿಕೆಯಾಗಬೇಕು, ಅಷ್ಟು ಹೊಳೆಯುತ್ತಿತ್ತು.

ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಹೊದಿಕೆಯನ್ನು ಆಕೆ ಸರಿಸಿದಳು. ಕೆಂಪು ಲಂಗದ ಹುಡುಗಿ ಕಾಲೆತ್ತಿ ನಿಂತಿದ್ದಳು! ಅಂಚಿನಲ್ಲಿ ಅಲ್ಲಲ್ಲಿ ಒಂದೆರಡು ಚೂರು ಬಣ್ಣ ಉದುರಿತ್ತು ಅಷ್ಟೇ. ಲೆನ್‌ಗೆ ಅಪ್ಪನ ಕೋಟಿನ ತಂಬಾಕಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಅಳು ಬರುವುದರಲ್ಲಿತ್ತು. ಆದರೆ ಶಾಸ್ತ್ರ ನೆನಪಾಗಿ ಮುಖವನ್ನು ಚರಂಡಿಗೆ ಹೊಂದಿಸಿಕೊಂಡ.

“ಅಯ್ಯೋ,” ಎಂದ.

“ಯಾಕೆ ಮಗಾ, ಏನಾಯ್ತು?” ಮುದುಕಿ ಗಾಬರಿಯಾದಳು.

“ಏನಿಲ್ಲ ಮಿಸೆಸ್ ಹ್ರೂಬಿ. ಇಷ್ಟು ಕೆಟ್ಟಿರುತ್ತೆ ಅಂದ್ಕೊಂಡಿರ್ಲಿಲ್ಲ. ಈ ಕಾಲುಗಳು ನೋಡಿ, ತುಕ್ಕು! ಇದಕ್ಕೆ ನೂರು ಕಳೀಬೇಕು.”

ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆ ಕೂಡ ಇಷ್ಟು ಹುಳುಕು ಹುಡುಕಲಾರಳು. ಲೆನ್ ಯಂತ್ರದ ಸುತ್ತ ಮೂರು ಸುತ್ತು ಬಂದ. ಬಗ್ಗಿದ, ಎದ್ದ, ನಿಟ್ಟುಸಿರು ಬಿಟ್ಟ. ಗುಂಡಿ ಒತ್ತಿ ಕಿವಿಗೊಟ್ಟ.

“ಗಂಟೆ ಸತ್ತಿದೆ. ಟಣ್ ಅನ್ನಲ್ಲ. ನೂರೈವತ್ತು.”

“ನಮ್ಮನೆಯವರು ಇದ್ದಾಗ ಅನ್ನುತ್ತಿತ್ತು,” ಎಂದಳು ಮುದುಕಿ ಸಣ್ಣ ದನಿಯಲ್ಲಿ.

“ಇರ್ಬಹುದು. ಇನ್ನು ಈ ಗಾಜು!” ಲೆನ್ ಬೆರಳ ತುದಿಯಿಂದಲೂ ಮುಟ್ಟದೆ ದೂರದಿಂದ ತೋರಿಸಿದ. “ಬಣ್ಣ ಕಿತ್ತು ಬರ್ತಿದೆ, ಚಕ್ಕೆ ಚಕ್ಕೆಯಾಗಿ. ಗಲೀಜು ಅಂದ್ರೆ ಗಲೀಜು! ಇಂಥದನ್ನ ಯಾರು ಮನೇಲಿಟ್ಕೋತಾರೆ? ಇದಕ್ಕೆ ನಾನೂರೈವತ್ತು.”

ಅವನು ಆಕೆಯನ್ನು ಕಳ್ಳಿ ಎಂದಿದ್ದರೆ ಆಕೆ ನಕ್ಕುಬಿಡುತ್ತಿದ್ದಳೇನೋ. ಬರ್ವಿನ್ನಿನ ಚೆಕ್ ಗೃಹಿಣಿಯ ಮನೆಯಲ್ಲಿ ನಿಂತು, ಆಕೆಯ ವಸ್ತುವನ್ನು ಬೆರಳು ಮಾಡಿ ತೋರಿಸಿ ಗಲೀಜು ಎಂದ! ಮುದುಕಿಯ ಮುಖ ಕಿವಿಯವರೆಗೂ ಕೆಂಪೇರಿತು.

“ಗಲೀಜಾ? ನನ್ನ ಮನೇಲಿ?”

“ನೊಂದ್ಕೋಬೇಡಿ. ನಾನು ನ್ಯಾಯವಾಗಿ ಲೆಕ್ಕ ಹಾಕ್ತೀನಿ. ಸಾವಿರದ ಇನ್ನೂರರಲ್ಲಿ ಇಷ್ಟು ಕಳೆದ್ರೆ ಐನೂರು. ಯಾರನ್ನಾದ್ರೂ ಕೇಳಿ, ಇದಕ್ಕಿಂತ ನ್ಯಾಯವಾದ ಬೆಲೆ ಸಿಗಲ್ಲ.”

“ನನಗೆ ಇದೆಲ್ಲ ಗೊತ್ತಾಗಲ್ಲ ಮಗಾ. ನೀನು ತಿಳಿದೋನು, ಐನೂರು ಅಂದ್ರೆ ಐನೂರು,” ಎಂದಳು ಮುದುಕಿ. ಕಣ್ಣು ಮಾತ್ರ ಗಾಜಿನಿಂದ ಕದಲಲಿಲ್ಲ.

ಲೆನ್ ಐವತ್ತು ಡಾಲರ್ ಮುಂಗಡ ಕೊಟ್ಟ. ಮುಂದಿನ ಶನಿವಾರ ಭಾವಮೈದ ರಸ್‌ನ ಟ್ರಕ್ಕಿನೊಂದಿಗೆ ಬಂದು ಒಯ್ಯುವುದೆಂದಾಯಿತು. ಮೆಟ್ಟಿಲ ಹತ್ತಿರ ಡೊರೀನ್ ಅವನ ತೋಳು ಹಿಡಿದು ಪಿಸುಗುಟ್ಟಿದಳು.

“ಆ ಗಾಜನ್ನ ಇವತ್ತೇ ಬಿಚ್ಚಿ ತಗೊಂಡು ಹೋಗೋಣ. ಕಾರಲ್ಲಿ ಕಂಬಳಿ ಇದೆ. ಯಾವಾಗ್ಲೂ ನೀನು ಅದನ್ನೇ ತಾನೇ ಮೊದಲು ಸಾಗಿಸೋದು?”

“ಶ್! ಈಗ ತಾನೇ ಅದನ್ನ ಗಲೀಜು ಅಂದಿದ್ದೀನಿ. ಗಲೀಜನ್ನ ಕಂಬಳೀಲಿ ಸುತ್ತಿ ಮಗು ಥರ ಎತ್ಕೊಂಡು ಹೋದ್ರೆ ಮುದುಕಿಗೆ ಅನುಮಾನ ಬರಲ್ವಾ? ಅಲ್ಲೇ ಇರ್ಲಿ. ಎಲ್ಲಿಗೆ ಓಡಿ ಹೋಗುತ್ತೆ?”

ಆ ವಾರವಿಡೀ ಲೆನ್ ನೆಲದ ಮೇಲೆ ನಡೆಯಲಿಲ್ಲ. ಪಿನ್‌ಬಾಲ್ ಸಂಗ್ರಾಹಕರ ಸಂಘದ ಗೆಳೆಯರಿಗೆಲ್ಲ ಫೋನು ಮಾಡಿದ. ಭಾನುವಾರ ಎಲ್ಲರೂ ಬಂದು ನೋಡಬೇಕೆಂದು ಆಮಂತ್ರಣ ಕೊಟ್ಟ. ‘ಚೌಕಾಸಿ ಒಂದು ಕಲೆ’ ಎಂದು ಶುರುಮಾಡಿದರೆ ಎದುರಿನವನ ಊಟ ತಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ.

“ಏಳುನೂರು ಡಾಲರ್ ಉಳಿಸಿದೆ ಡೊರೀನ್, ಏಳುನೂರು!”

“ಯಾರಿಂದ ಉಳಿಸಿದೆ? ಬೀದಿ ತೊಳೆಯೋ ಎಂಬತ್ತೊಂದು ವರ್ಷದ ವಿಧವೆಯಿಂದ. ಊರಿಗೆಲ್ಲ ಡಂಗುರ ಹೊಡಿ.”

“ವ್ಯಾಪಾರ ಅಂದ್ರೆ ವ್ಯಾಪಾರ ಕಣೇ. ನಿನಗೆ ಅರ್ಥ ಆಗಲ್ಲ.”

“ನಿನ್ನನ್ನ ಕೊಂಡಾಗ ನಾನೂ ಸ್ವಲ್ಪ ಬಗ್ಗಿ ನೋಡಿ ಬೆಲೆ ಇಳಿಸ್ಬೇಕಿತ್ತು,” ಎಂದು ಡೊರೀನ್ ಅಡ್ಡಡ್ಡ ನಡೆದು ಬಟ್ಟೆ ಒಗೆಯಲು ಹೋದಳು.

ಶನಿವಾರ ಬಂತು. ಟ್ರಕ್ಕೂ ಬಂತು, ರಸ್ಸೂ ಬಂದ. ಮುದುಕಿ ಬಾಗಿಲಲ್ಲೇ ಕಾಯುತ್ತಿದ್ದಳು. ತೋಳು ಮಡಚಿದ್ದಳು. ಬೆರಳುಗಳಿಗೆಲ್ಲ ಪಟ್ಟಿ ಅಂಟಿಸಿಕೊಂಡಿದ್ದಳು. ಮುಖದಲ್ಲಿ ಗೆದ್ದ ಕಳೆ. ಒಲೆಯಿಂದ ಆಗ ತಾನೇ ತೆಗೆದ ಕೊಲಾಚೆಗಳನ್ನು, ನಡುವೆ ಜರ್ದಾಳು ತುಂಬಿದ ಆ ಬನ್ನುಗಳನ್ನು, ತಟ್ಟೆಯಲ್ಲಿ ಹಿಡಿದು ಎಲ್ಲರನ್ನೂ ನೆಲಮಾಳಿಗೆಗೆ ಕರೆದೊಯ್ದಳು.

ಯಂತ್ರದ ಮೇಲೆ ಹೊದಿಕೆ ಇತ್ತು. ಕೆಳಗೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಲೆನ್ ಕಣ್ಣುಜ್ಜಿಕೊಂಡ. ಕಾಲುಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು!

“ಎರಡು ದಿನ ಉಜ್ಜಿದೆ,” ಎಂದಳು ಮುದುಕಿ. “ತುಕ್ಕು ಅಂದ್ಯಲ್ಲ, ಈಗ ಹುಡುಕಿ ತೋರ್ಸು.”

ಲೆನ್ ರಸ್‌ನ ಪಕ್ಕೆಗೆ ತಿವಿದ. “ನೋಡ್ದೇನೋ? ಪುಕ್ಕಟೆ ಕೆಲಸ!” ಎಂದು ಪಿಸುಗುಟ್ಟಿದ.

ಮುದುಕಿ ಹೊದಿಕೆಯ ಅಡಿಗೆ ಕೈ ಹಾಕಿ ಏನೋ ಒತ್ತಿದಳು. ಟಣ್! ಟಣ್! ಟಣ್! “ಪಕ್ಕದ್ಮನೆ ವೈರಿಂಗ್ ಕೆಲಸದೋನು ಬಂದು ಸರಿಮಾಡಿಕೊಟ್ಟ. ಒಂದು ತಟ್ಟೆ ಕೊಲಾಚೆ ತಿಂದ ಅಷ್ಟೇ.”

“ಭಾವ, ನಿನ್ನ ಅದೃಷ್ಟವೇ ಅದೃಷ್ಟ,” ಎಂದ ರಸ್. ಲೆನ್‌ನ ಬಾಯಿ ಕಿವಿಯಿಂದ ಕಿವಿಗೆ ಹರಡಿತು. ಐನೂರು ಡಾಲರಿಗೆ ಯಂತ್ರ, ಮೇಲೆ ಪುಕ್ಕಟೆ ದುರಸ್ತಿ, ಅದರ ಮೇಲೆ ಬಿಸಿ ಬನ್ನು! ಅವನು ಒಂದನ್ನು ಬಾಯಿಗಿಟ್ಟುಕೊಂಡ.

“ಇನ್ನು ಇದು,” ಎಂದು ಮುದುಕಿ ಹೊದಿಕೆ ಎಳೆದಳು.

ಕೆಂಪು ಲಂಗ ಇರಲಿಲ್ಲ. ಹುಡುಗಿ ಇರಲಿಲ್ಲ. ಬಣ್ಣ ಎಂಬುದೇ ಇರಲಿಲ್ಲ. ಕಿಟಕಿಗೆ ಹಾಕುವಂಥ ಶುಭ್ರವಾದ, ನಿರ್ಮಲವಾದ, ಆಚೆ ಬದಿ ಕಾಣುವ ಗಾಜು! ಅದರ ಹಿಂದೆ ಧೂಳು ಒರೆಸಿದ ಬಲ್ಬುಗಳು ಮತ್ತು ತಂತಿಗಳು ಮಾನ ಮುಚ್ಚಿಕೊಳ್ಳಲು ಏನೂ ಇಲ್ಲದೆ ನಿಂತಿದ್ದವು.

“ಮೊದಲು ಮುಂದಿನಿಂದ ವಿನೆಗರ್ ಹಾಕಿ ಉಜ್ಜಿದೆ,” ಮುದುಕಿ ಉತ್ಸಾಹದಿಂದ ವಿವರಿಸಿದಳು. “ಏನ್ಮಾಡಿದ್ರೂ ಹೋಗ್ಲಿಲ್ಲ. ಆಮೇಲೆ ಬಿಚ್ಚಿ ತಿರುಗಿಸಿ ನೋಡ್ತೀನಿ, ಗಲೀಜೆಲ್ಲ ಹಿಂದುಗಡೆ ಇದೆ! ಬ್ಲೇಡ್ ತಗೊಂಡು ಮೂರು ದಿನ ಕೆರೆದೆ. ನೋಡು, ಆ ಮೂಲೇಲಿ ಒಂದು ಕೆಂಪು ಶೂ ಮಾತ್ರ ಗಟ್ಟಿಯಾಗಿ ಅಂಟ್ಕೊಂಡಿದೆ. ಈಗ್ಲೇ ತೆಗೀಲಾ?”

ಬನ್ನು ಲೆನ್‌ನ ಗಂಟಲಲ್ಲಿ ನಿಂತಿತು. ರಸ್ ಅವನ ಬೆನ್ನಿಗೆ ಗುದ್ದಿದ. ಉಸಿರು ಬಂತು, ಮಾತು ಬರಲಿಲ್ಲ. ಹತ್ತೊಂಬತ್ತು ವರ್ಷ ಹುಡುಕಿದ್ದನ್ನು ಅವನೇ ಬಾಯಾರೆ ಗಲೀಜು ಎಂದು ಕರೆದು, ಬ್ಲೇಡಿಗೆ ಒಪ್ಪಿಸಿ ಹೋಗಿದ್ದ. ನಿಜವಾಗಿ ದುಃಖವಾಯಿತು ಅವನಿಗೆ. ಆದರೆ ಅಳಲು ಕೂಡ ಹಕ್ಕಿರಲಿಲ್ಲ. ಆ ಚಿತ್ರ ಬೇಕಿತ್ತೆಂದರೆ ಹೋದ ವಾರ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕು.

“ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಪಾಪ,” ಎಂದಳು ಡೊರೀನ್. ಅವಳ ದನಿಯಲ್ಲಿ ಒಂದು ತೊಟ್ಟೂ ಕರುಣೆ ಇರಲಿಲ್ಲ.

“ಈಗ ಬೆಲೆ ಮಾತಾಡೋಣ,” ಎಂದಳು ಮುದುಕಿ. “ತುಕ್ಕಿಗೆ ನೀನು ನೂರು ಕಳೆದಿದ್ದೆ, ತುಕ್ಕು ಹೋಯ್ತು. ಗಂಟೆಗೆ ನೂರೈವತ್ತು, ಗಂಟೆ ಹೊಡೀತಿದೆ. ಗಲೀಜಿಗೆ ನಾನೂರೈವತ್ತು. ಗಲೀಜು ಎಲ್ಲಿದೆ ತೋರ್ಸು? ಹಾಗಾದ್ರೆ ಮೊದಲಿನ ಸಾವಿರದ ಇನ್ನೂರೇ ಆಯ್ತಲ್ಲ. ನೀನು ನ್ಯಾಯವಾಗಿ ಲೆಕ್ಕ ಹಾಕೋನು, ನೀನೇ ಹೇಳು ಮಗಾ.”

ಲೆನ್ ಹೆಂಡತಿಯ ಮುಖ ನೋಡಿದ. ಹೆಂಡತಿ ಚೆಕ್ ಪುಸ್ತಕ ತೆಗೆದಳು. ಅವನು ತಂದಿದ್ದ ನಾನೂರೈವತ್ತು ನಗದು ಮುದುಕಿಯ ಕೈ ಸೇರಿತು. ಉಳಿದ ಏಳುನೂರಕ್ಕೆ ಡೊರೀನ್ ಬರೆಯತೊಡಗಿದಳು. ಮುದುಕಿ ಮನಸಾರೆ ಖುಷಿಯಾದಳು. ಖುಷಿಯಲ್ಲಿ ಉದಾರಿಯೂ ಆದಳು.

“ನಿಮ್ಮನೇಲಿ ಇಂಥವು ಇನ್ನೂ ಒಂಬತ್ತಿವೆಯಂತೆ? ಡೊರೀನ್ ಹೇಳಿದ್ಳು. ಅವುಗಳ ಗಾಜೂ ಹೀಗೇ ಗಲೀಜಾಗಿದ್ಯಾ? ಸೋಮವಾರ ನನಗೆ ಬಿಡುವು. ಬಕೆಟ್ಟು, ಬ್ಲೇಡು ಎಲ್ಲಾ ನಾನೇ ತರ್ತೀನಿ, ಕಾಸು ಬೇಡ.”

“ಬೆಳಿಗ್ಗೆ ಎಂಟಕ್ಕೆ ಬನ್ನಿ ಮಿಸೆಸ್ ಹ್ರೂಬಿ,” ಎಂದಳು ಡೊರೀನ್ ತಲೆಯೆತ್ತದೆ. “ಇವನು ಅಷ್ಟೊತ್ತಿಗೆ ಕೆಲಸಕ್ಕೆ ಹೋಗಿರ್ತಾನೆ.”

“ಬೇಡಾ!” ಲೆನ್ ಕಿರುಚಿದ ಸದ್ದಿಗೆ ಯಂತ್ರದ ಗಂಟೆಯೂ ಒಮ್ಮೆ ಅದುರಿತು. “ಅದನ್ನ ಮುಟ್ಬೇಡಿ! ಆ ಚಿತ್ರಗಳಿಗೇ ಬೆಲೆ ಇರೋದು! ಬಣ್ಣ ಹೋದ್ರೆ ಯಂತ್ರ ಅರ್ಧ ಬೆಲೆಗೂ ಹೋಗಲ್ಲ!”

ಮುದುಕಿ ಪಟ್ಟಿ ಸುತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಗಾಜನ್ನು ನೋಡಿದಳು. ಕೊನೆಗೆ ಲೆನ್‌ನನ್ನು ನೋಡಿದಳು. ತಟ್ಟೆಯನ್ನು ಅವನ ಕೈಗೆ ಸಿಗದಷ್ಟು ದೂರದಲ್ಲಿಟ್ಟಳು.

“ಹಾಗಾದ್ರೆ ಹೋದ ಶನಿವಾರ ನನ್ನದಕ್ಕೆ ಎಷ್ಟಿತ್ತು?”

ಲೆನ್ ರಸ್‌ನ ಕಡೆ ತಿರುಗಿದ. ರಸ್ ಚಾವಣಿ ನೋಡುತ್ತಿದ್ದ.

“ಹೇಳು ಲೆನ್,” ಎಂದಳು ಡೊರೀನ್. “ಶಿಕಾಗೋ ಸುತ್ತಮುತ್ತ ನ್ಯಾಯವಾದ ಬೆಲೆ ಗೊತ್ತಿರೋನು ನೀನೊಬ್ಬನೇ.”

“ಸಾವಿರದ ಎಂಟುನೂರು,” ಎಂದ ಲೆನ್ ನೆಲಕ್ಕೆ.

“ಇನ್ನು ಆರುನೂರು ಆಯ್ತು,” ಎಂದು ಮುದುಕಿ ಕೈ ಚಾಚಿದಳು.

“ಈಗ ಚಿತ್ರವೇ ಇಲ್ವಲ್ಲ ಮಿಸೆಸ್ ಹ್ರೂಬಿ!”

“ನೀನು ಮುಂಗಡ ಕೊಟ್ಟ ದಿನ ಇತ್ತಲ್ಲ.”

ಡೊರೀನ್ ಅರ್ಧ ಬರೆದ ಚೆಕ್ಕನ್ನು ಹರಿದುಹಾಕಿ, ಹೊಸದರಲ್ಲಿ ಸಾವಿರದ ಮುನ್ನೂರು ಎಂದು ದುಂಡಗೆ ಬರೆದು ಮುದುಕಿಗೆ ಕೊಟ್ಟಳು. ರಸ್ ಕೈಗವಸು ಹಾಕಿಕೊಂಡು ಯಂತ್ರದ ಒಂದು ಬದಿಗೆ ಬಗ್ಗಿ, ಭಾವನ ಕಡೆ ನೋಡಿದ.

“ಎತ್ತೋಣ್ವಾ ಭಾವ? ಇಲ್ಲಾ ನೀನು ಇನ್ನೂ ಸ್ವಲ್ಪ ಚೌಕಾಸಿ ಮಾಡ್ತೀಯಾ?”