ಕೊಕ್ಕರೆ ಟೀಮು ಮತ್ತು ಸೋಫಾದ ಎಡತುದಿ

ಶನಿವಾರ ಮಧ್ಯಾಹ್ನ ಚೆಲುವರಾಜು ಕೋಡುಬಳೆ ತರಲು ಸೋಫಾದಿಂದ ಏಳದೇ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಅವನು ಎದ್ದು ಅಡುಗೆಮನೆಗೆ ಹೋದ, ಟಿ.ವಿ.ಯ ಬೇಸ್‌ಬಾಲ್ ಆಟದಲ್ಲಿ ಕೊಕ್ಕರೆ ಟೀಮಿನವನೊಬ್ಬ ಚೆಂಡನ್ನು ಗೋಡೆಯಾಚೆ ಬಾರಿಸಿ ಹೋಮ್ ರನ್ ಹೊಡೆದ. ಡಬ್ಬಿ ಹಿಡಿದು ಬಂದು ಕೂತ, ಮುಂದಿನವನು ಔಟಾದ. ನೀರು ಕುಡಿಯಲು ಎದ್ದ. ಇನ್ನೊಂದು ಹೋಮ್ ರನ್. ಬಂದು ಕೂತ, ಮತ್ತೆ ಔಟು. ಪಾಪ, ಅವನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕಂಡದ್ದು ಪಕ್ಕದಲ್ಲಿ ಕೂತಿದ್ದ ಕಿರಣಕುಮಾರನಿಗೆ.

"ಸರ್, ಒಂದ್ನಿಮಿಷ ಎದ್ದೇಳಿ, ಏನೋ ಟೆಸ್ಟ್ ಮಾಡ್ಬೇಕು," ಎಂದ.

ಚೆಲುವರಾಜು ಎದ್ದ. ಕೊಕ್ಕರೆಗಳು ಮತ್ತೆ ಹೊಡೆದವು. ಅಲ್ಲಿಗೆ ಬಡಪಾಯಿಯ ಹಣೆಬರಹ ತೀರ್ಮಾನವಾಯಿತು.

ಈ ಕಿರಣಕುಮಾರ ಅಮೆರಿಕದ ಡಬ್ಲಿನ್‌ನಲ್ಲಿ ಚೆಲುವರಾಜುವಿನ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲೇ ಮೇಲಿನ ಮನೆಯವನು, ಆಫೀಸಿನಲ್ಲಿ ಡೇಟಾ ಸೈಂಟಿಸ್ಟು. ಎರಡು ಸಲ ಸೀನಿದರೂ ಗ್ರಾಫು ಹಾಕುವ ಆಸಾಮಿ. ಟೀಮಿನ ನಿಜವಾದ ಹೆಸರು ಬೇ ಹೆರಾನ್ಸ್. ಹತ್ತು ವರ್ಷದ ಹಿಂದೆ ಅಮೆರಿಕಕ್ಕೆ ಬಂದಿಳಿದಾಗ ಚೆಲುವರಾಜುವಿಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ಯಾರದೋ ಟೋಪಿಯ ಮೇಲೆ ಕೊಕ್ಕರೆಯ ಚಿತ್ರ ಕಂಡ. ಮದ್ದೂರು ಕಡೆಯವನು, ಹುಣಿಸೆಮರದ ತುಂಬ ಕೊಕ್ಕರೆ ಗೂಡು ನೋಡಿಕೊಂಡು ಬೆಳೆದವನು. ‘ಅರೆ, ನಮ್ಮೂರ ಹಕ್ಕಿ!’ ಎಂದು ಕರಗಿ ನೀರಾದ. ಅಂದಿನಿಂದ ಟೀಮು ಸೋಲಲಿ ಗೆಲ್ಲಲಿ, ಸೋಫಾದ ಎಡತುದಿ ಅವನದು. ಅವನ ತೋಳಿಗೊರಗಿ ಕೂರುವ ಜಾಗ ಮಗಳು ಲಾಸ್ಯಾಳದು.

ಲಾಸ್ಯಾಗೆ ಹತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆದರೆ "ಊಟ ಆಯ್ತಾ ಮಗಳೇ?" ಅಂದರೆ "ಯಾ" ಅನ್ನುತ್ತಾಳೆ. ಅವಳ ಬಾಯಿಂದ ಒಂದೇ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಬೇಕೆಂದು ಚೆಲುವರಾಜು ಪಟ್ಟ ಪಾಡು ಅಷ್ಟಿಷ್ಟಲ್ಲ. ಅದು ಆಗದಿದ್ದರೂ ಆಟದ ಹೊತ್ತಿಗಾದರೂ ಅವಳು ಐಪ್ಯಾಡು ಬಿಸಾಕಿ ಅಪ್ಪನ ಪಕ್ಕ ಬಂದು ಕೂರುತ್ತಾಳಲ್ಲ, ಆ ಎರಡು ಮೂರು ತಾಸು ಅವನಿಗೆ ಸ್ವರ್ಗ. ಅದಕ್ಕಾಗಿ ಅವನು ಟೀಮು ತಳ ಕಂಡಾಗಲೂ ಟಿ.ವಿ. ಆರಿಸಿದವನಲ್ಲ.

ಈ ವರ್ಷ ಟೀಮು ನಿಜಕ್ಕೂ ತಳ ಕಂಡಿತ್ತು. ಅರ್ಧ ಸೀಸನ್ ಮುಗಿಯುವ ಹೊತ್ತಿಗೆ ಅದೇನಾಯಿತೋ, ಒಂದೊಂದೇ ಆಟ ಗೆಲ್ಲುತ್ತಾ ಮೇಲೆದ್ದಿತು. ಭಾನುವಾರದ ಆಟ ಗೆದ್ದರೆ ಮತ್ತೆ ಪ್ಲೇಆಫ್ ರೇಸಿಗೆ ವಾಪಸು. ಸೋತರೆ ಈ ವರ್ಷಕ್ಕೆ ಮಂಗಳ ಹಾಡಿದ ಹಾಗೇ.

ಭಾನುವಾರ ಬೆಳಿಗ್ಗೆ ಚೆಲುವರಾಜುವಿನ ಮನೆಯಲ್ಲೇ, ಅವನದೇ ಕಾಫಿ ಕುಡಿಯುತ್ತಾ ಪಂಚಾಯಿತಿ ಸೇರಿತು. ಅಧ್ಯಕ್ಷತೆ ಎದುರುಮನೆಯ ಸೋಮಲಿಂಗಪ್ಪನವರದು. ಗದಗಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿ ರಿಟೈರಾಗಿ ಮಗನ ಮನೆಗೆ ಬಂದವರು. ಬರುವಾಗ ಕ್ರಿಕೆಟ್ಟಿನ ಮಡಿಮೈಲಿಗೆಯನ್ನೆಲ್ಲ ಸೂಟ್‌ಕೇಸಿನಲ್ಲಿ ತುಂಬಿಕೊಂಡೇ ಬಂದಿದ್ದರು: ಜೋಡಿ ನಿಂತಾಗ ಕೂತವರು ಏಳಬಾರದು, ಎದ್ದವರು ಕೂರಬಾರದು, ಮೊದಲೇ ಗೆದ್ದೆವು ಅನ್ನಬಾರದು. ಅದನ್ನೆಲ್ಲ ಬೇಸ್‌ಬಾಲಿಗೆ ಹೊಂದಿಸಿ ಇಟ್ಟಿದ್ದರು.

"ನೋಡ್ರಿ ಚೆಲುವರಾಜು, ಮನಸಿಗೆ ಹಚ್ಕೋಬ್ಯಾಡ್ರಿ. ನಿಮ್ಮ ದೃಷ್ಟಿ ಟೀಮಿಗೆ ಆಗಿಬರೂದಿಲ್ಲ. ಇವತ್ತು ಆಟ ಮುಗಿಯೂತನಕ ಹೊರಗ ಇರ್ರಿ."

"ಏನ್ ಸಾರ್ ಹಿಂಗಂತೀರ! ಹತ್ತು ವರ್ಷದಿಂದ ನೋಡ್ತಾ ಇದೀನಿ!"

"ಹತ್ತು ವರ್ಷದಿಂದ ಅವ್ರು ಕಪ್ ಗೆದ್ದಿಲ್ಲ ಸರ್," ಎಂದು ಕಿರಣಕುಮಾರ ಲ್ಯಾಪ್‌ಟಾಪು ತಿರುಗಿಸಿದ. "ಡೇಟಾ ಇದೆ."

ಚೆಲುವರಾಜು ಹೆಂಡತಿಯ ಮುಖ ನೋಡಿದ. ಕಾವ್ಯಾ ಕಾಫಿ ಲೋಟ ಎತ್ತಿಕೊಳ್ಳುತ್ತಾ, "ಹೆಂಗೂ ಗ್ರೋಸರಿ ತರೋದಿತ್ತಲ್ಲ," ಎಂದಳು. ಕೊನೆಯ ಆಸೆಯಿಂದ ಮಗಳ ಮುಖ ನೋಡಿದ.

"ಸಾರಿ ಅಪ್ಪಾ. ಇಟ್ಸ್ ಜಸ್ಟ್ ಒನ್ ಗೇಮ್," ಎಂದು ಲಾಸ್ಯಾ ಅವನ ಫೋನಿಗೆ ಕೈ ಚಾಚಿದಳು. "ನೋ ಫೋನ್. ನೋ ರೇಡಿಯೋ. ಪ್ರಾಮಿಸ್?"

ಚೆಲುವರಾಜು ಒಲ್ಲದ ಮನಸ್ಸಿನಿಂದ ಫೋನು ಕೊಟ್ಟ. ಪ್ರಾಮಿಸ್ಸೂ ಮಾಡಿದ. ಮಗಳ ಕೊಕ್ಕರೆಗಳು ಗೆಲ್ಲಲಿ, ಮುಂದಿನ ಆಟಕ್ಕೆ ತನ್ನ ಜಾಗ ತನಗೆ ಸಿಗಲಿ ಎಂದು ಎದ್ದ.

ಪ್ರಾಮಿಸ್ ಒಂದನ್ನೇ ನಂಬಿ ಬಿಡಲು ಸೋಮಲಿಂಗಪ್ಪನವರೇನು ದಡ್ಡರೇ? ಕಾವಲಿಗೆ ತಮ್ಮ ಹೆಂಡತಿ ಬಂಗಾರೆವ್ವನನ್ನು ಜೊತೆಗೆ ಕಳಿಸಿದರು. ಆಕೆಗೂ ಪಕ್ಕದೂರು ಲಿವರ್‌ಮೋರಿನ ಗುಡಿಗೆ ಹೋಗಬೇಕೆಂದು ಬಹಳ ದಿನದ ಆಸೆ, ಮಗನಿಗೆ ಬಿಡುವಿಲ್ಲ. ಚೆಲುವರಾಜುವಿನ ಕೆಟ್ಟ ಕಾಲ್ಗುಣ ಆಕೆಗೆ ಒಳ್ಳೆಯದೇ ಆಯಿತು.

ಫ್ರೀವೇಯಲ್ಲಿ ಅವನ ಕೈ ತಾನಾಗಿ ರೇಡಿಯೋ ಕಡೆ ಹೋಯಿತು. ಬಂಗಾರೆವ್ವ ಫಟ್ಟೆಂದು ಒಂದು ಬಿಟ್ಟರು.

"ಏಸಿ ಹಾಕೋಕೆ ಹೋದೆ ಅಮ್ಮಾ!"

"ಸೆಕೀ ಆದ್ರ ಆಗಲಿ. ಕೈ ಸ್ಟೇರಿಂಗ್ ಮ್ಯಾಲ ಇಡ್ರಿ."

ಪಕ್ಕದ ಲೇನಿನ ಕಾರಿನಲ್ಲಿ ಕೊಕ್ಕರೆ ಟೋಪಿ ಹಾಕಿದವನೊಬ್ಬ ಸ್ಟೇರಿಂಗನ್ನು ದಬದಬ ಗುದ್ದುತ್ತಿದ್ದ. ಸಂತೋಷಕ್ಕೋ, ಸಂಕಟಕ್ಕೋ? ಚೆಲುವರಾಜು ಅವನ ಮುಖ ನೋಡಲು ಹೋಗಿ, ತಿರುಗಬೇಕಾದ ಎಕ್ಸಿಟ್ ಬಿಟ್ಟು ದ್ರಾಕ್ಷಿತೋಟಗಳ ನಡುವೆಲ್ಲ ಸುತ್ತಿ ಗುಡಿ ಮುಟ್ಟಿದ.

ಗುಡಿಯಲ್ಲಿ ಬಂಗಾರೆವ್ವ ಸುಮ್ಮನೆ ಕೈಮುಗಿದು ಬರುವವರಲ್ಲ. ಅರ್ಚನೆಯ ಚೀಟಿ ಹಿಡಿದು ನಿಂತೇಬಿಟ್ಟರು.

"ಯಾರ ಹೆಸರಲ್ಲಿ ಅಮ್ಮಾ?" ಎಂದರು ಅರ್ಚಕರು.

"ಹೆರಾನ್ಸ್ ಅಂತ ಅನ್ರಿ."

"ಗೋತ್ರ?"

ಬಂಗಾರೆವ್ವ ಚೆಲುವರಾಜುವಿನ ಕಡೆ ನೋಡಿದರು. ಅವನು ಆಕಾಶ ನೋಡಿದ.

"ಗೊತ್ತಿಲ್ದಿದ್ರೆ ಕಾಶ್ಯಪ ಅಂತೀನಿ. ನಕ್ಷತ್ರ?"

"ಅದು ಈಗ ಸ್ವಲ್ಪ ಕೆಟ್ಟೈತ್ರಿ ಸ್ವಾಮಿ. ಅದಕ್ಕ ಬಂದೀವಿ."

ಅರ್ಚಕರು ಇಂಥವರನ್ನು ಎಷ್ಟು ಜನರನ್ನು ಕಂಡಿದ್ದರೋ, ಮುಗುಳ್ನಕ್ಕು ಕಾಶ್ಯಪ ಗೋತ್ರದ ಹೆರಾನ್ಸ್‌ಗೆ ಸಕುಟುಂಬವಾಗಿ ಆಯುರಾರೋಗ್ಯ ಕೋರಿ ಮಂಗಳಾರತಿ ಎತ್ತಿದರು. ಚೆಲುವರಾಜು ಕಣ್ಣುಮುಚ್ಚಿ ಬೇಡಿಕೊಂಡ: ‘ದೇವರೇ, ಅವರು ಗೆಲ್ಲಲಿ. ಆದರೆ ನಾನಿಲ್ಲದ್ದಕ್ಕೇ ಗೆದ್ದರು ಅನ್ನೋ ಹಾಗೆ ಮಾತ್ರ ಮಾಡಬೇಡಪ್ಪ.’ ಇಂಥ ಕಾಂಪ್ಲಿಕೇಟೆಡ್ ಬೇಡಿಕೆಯನ್ನು ಯಾವ ದೇವರು ತಾನೇ ನಡೆಸಿಕೊಟ್ಟಾನು?

ವಾಪಸು ಬರುವಾಗ ಡಬ್ಲಿನ್‌ನ ಇಂಡಿಯನ್ ಗ್ರೋಸರಿಯಲ್ಲಿ ಕಾರು ನಿಲ್ಲಿಸಿದ. ಬಂಗಾರೆವ್ವ ತಮಗೂ ಒಂದು ಬೂದುಗುಂಬಳಕಾಯಿ ಆರಿಸಿ ಅವನ ಕೈಗೆ ಕೊಟ್ಟರು. ಮಗು ಎತ್ತಿಕೊಂಡಷ್ಟು ಭಾರ.

"ತಳ್ಳೋ ಗಾಡಿಯೊಳಗ ಇಟ್ರ ಕೊತ್ತಂಬರಿ ಜಜ್ಜಿ ಹೋಗತೈತಿ. ಎತ್ಕೊಂಡ ನಿಲ್ರಿ. ನಾ ಜ್ವಾಳದ ಹಿಟ್ಟು ನೋಡ್ಕೊಂಡ ಬರ್ತೀನಿ."

ಚೆಲುವರಾಜು ಕಾಯಿ ಎತ್ತಿಕೊಂಡು ನಿಂತ. ಒಳಗೆಲ್ಲೋ ಜನ ಹೋ ಎಂದು ಕೂಗಿದ್ದು ಕೇಳಿಸಿತು. ಕಾಲು ಅವನ ಮಾತು ಕೇಳಲಿಲ್ಲ. ಅಂಗಡಿಯ ಹಿಂಭಾಗದಲ್ಲಿ, ಫ್ರೋಜನ್ ಪರೋಟದ ಫ್ರೀಜರುಗಳ ಮೇಲೆ, ಸಣ್ಣದೊಂದು ಟಿ.ವಿ. ಕೊನೆಯ ಇನ್ನಿಂಗ್ಸು. ಕೊಕ್ಕರೆಗಳು ಒಂದು ರನ್ ಹಿಂದೆ. ಒಬ್ಬ ಓಡಲು ಸಿದ್ಧನಾಗಿ ಬೇಸಿನ ಮೇಲೆ ನಿಂತಿದ್ದಾನೆ, ಹೋಮ್ ರನ್ ಬಿದ್ದರೆ ಗೆಲುವು, ಇನ್ನೊಬ್ಬ ಔಟಾದರೆ ಮುಗಿಯಿತು.

ಪ್ರಾಮಿಸ್ ನೆನಪಾಯಿತು. ಕಣ್ಣು ಮುಚ್ಚಿದ. ಒಂದು ಕಣ್ಣು ಮಾತ್ರ ಸರಿಯಾಗಿ ಮುಚ್ಚಲಿಲ್ಲ.

ಬ್ಯಾಟಿಗೆ ಚೆಂಡು ತಾಗಿದ ಸದ್ದು! ಚೆಂಡು ಮೇಲಕ್ಕೆದ್ದಿತು. ಎದುರಾಳಿ ಗೋಡೆಗೆ ಬೆನ್ನು ಕೊಟ್ಟು ಕೈಯೆತ್ತಿ ನಿಂತ, ಕ್ಯಾಚು ಹಿಡಿದೇಬಿಟ್ಟ ಅನ್ನಿಸಿತು. "ಅಯ್ಯೋ!" ಎಂದು ಚೆಲುವರಾಜು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. ಕೈಯಲ್ಲಿದ್ದ ಕುಂಬಳಕಾಯಿ ಎಲ್ಲಿಗೆ ಹೋಗಬೇಕು? ಧಡ್ ಎಂದು ನೆಲಕ್ಕೆ ಬಿದ್ದು ನಾಲ್ಕು ಹೋಳಾಯಿತು. ಚೆಂಡು ಗೋಡೆ ದಾಟಿತು.

"ಗೆದ್ವು! ಗೆದ್ವು ಕಣ್ರೀ!" ಎಂದು ಬೀಜ ತಿರುಳಿನ ನಡುವೆ ಕುಣಿದ. ತಿರುಗಿ ನೋಡಿದರೆ ಜೋಳದ ಹಿಟ್ಟಿನ ಚೀಲ ಹಿಡಿದು ಬಂಗಾರೆವ್ವ ನಿಂತಿದ್ದರು. ಒಡೆದ ಕಾಯಿ ನೋಡಿದರು, ಟಿ.ವಿ. ನೋಡಿದರು, ಅವನನ್ನು ನೋಡಿದರು. ಅಂಗಡಿಯವನ ಬೈಗುಳ ಅವನಿಗೆ ವೇದಘೋಷದಂತೆ ಕೇಳಿಸಿತು.

ಮನೆಯ ದಾರಿಯುದ್ದಕ್ಕೂ ಎದೆ ಉಬ್ಬಿತ್ತು. ಪ್ರಾಮಿಸ್ ಮುರಿದದ್ದು ತಪ್ಪೇ, ಆದರೆ ತಾನು ನೋಡಿದ್ದಾನೆ, ಟೀಮು ಗೆದ್ದಿದೆ! ಇನ್ನು ಯಾರ ಗ್ರಾಫು ಏನು ಹೇಳೀತು? ಎಡತುದಿ ತನ್ನದೇ. ಮನೆಗೆ ಬಂದವನೇ ಕುಣಿಯುತ್ತಿದ್ದವರ ಮಧ್ಯೆ ನಿಂತು ಘೋಷಿಸಿದ:

"ನಾನು ನೋಡ್ದೆ! ಕೊನೇ ಹೋಮ್ ರನ್ ಈ ಕಣ್ಣಾರೆ ನೋಡ್ದೆ! ಈಗೇನಂತೀರ?"

ಕುಣಿತ ನಿಂತಿತು. ಲಾಸ್ಯಾಳ ಬಾಯಿ ತೆರೆದೇ ಇತ್ತು. ಸೋಮಲಿಂಗಪ್ಪನವರು ಹೆಂಡತಿಯ ಕಡೆ ತಿರುಗಿದರು.

"ಖರೇ ಅದ," ಎಂದರು ಬಂಗಾರೆವ್ವ. "ಆದ್ರ ನಾನೂ ನೋಡೀನಿ. ಚೆಂಡು ಇನ್ನಾ ಮ್ಯಾಲಿತ್ತು. ಇವ್ರ ಕೈಯಾಗಿನ ಬೂದುಗುಂಬಳಕಾಯಿ ಬಿದ್ದು ಒಡೀತು. ಕಾಯಿ ಒಡದ ಮ್ಯಾಲ ಚೆಂಡು ದಾಟಿತು."

"ಬೂದುಗುಂಬಳ!" ಸೋಮಲಿಂಗಪ್ಪನವರು ತೊಡೆ ತಟ್ಟಿಕೊಂಡರು. "ದೃಷ್ಟಿ ತಗದಂಗಾತಲ್ರೀ! ಇಷ್ಟ ದಿನ ನಮಗ ಹೊಳೀಲಿಲ್ಲ!"

"ಸಾರ್, ಅದು ಕೈ ಜಾರಿ ಬಿದ್ದಿದ್ದು..."

"ವೇರಿಯಬಲ್ ಚೇಂಜ್ ಮಾಡೋ ಹಾಗಿಲ್ಲ ಸರ್," ಎಂದ ಕಿರಣಕುಮಾರ ಟೈಪ್ ಮಾಡುತ್ತಾ. "ಅದೇ ಅಂಗಡಿ, ಅದೇ ಫ್ರೀಜರು, ಅದೇ ಸೈಜಿನ ಕಾಯಿ."

"ಇನ್ನೂ ಹದಿನೈದು ಆಟ ಬಾಕಿ ಇದೆ ಕಣ್ರಯ್ಯಾ!" ಚೆಲುವರಾಜುವಿನ ದನಿ ಅಳುವಿಗೆ ಬಂದಿತ್ತು.

"ಕುಂಬಳಕಾಯಿಗೆ ಇಲ್ಲೆ ಬರ ಇಲ್ಲ, ಚಿಂತಿ ಬ್ಯಾಡ," ಎಂದು ಸೋಮಲಿಂಗಪ್ಪನವರು ಅವನ ಬೆನ್ನು ಸವರಿದರು.

ಆಗ ಲಾಸ್ಯಾ ಬಂದು ಅಪ್ಪನ ಕೈ ಹಿಡಿದಳು. ಚೆಲುವರಾಜುವಿಗೆ ಹೋದ ಜೀವ ಬಂದಂತಾಯಿತು. ಎಷ್ಟಾದರೂ ತನ್ನ ಮಗಳು. ತೋಳಿಗೊರಗಿ ಕೂರಲು ಅಪ್ಪ ಬೇಕು ಎನ್ನುತ್ತಾಳೆ. ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತು ಹುಡುಕಿ ಹುಡುಕಿ, ಹುಟ್ಟಿದಾರಭ್ಯ ಮೊದಲ ಬಾರಿಗೆ ಪೂರ್ತಿ ಕನ್ನಡದಲ್ಲಿ ಹೇಳಿದಳು:

"ಅಪ್ಪಾ, ನಾಡಿದ್ದು ಸಂಜೆ ಆಟ ಇದೆ. ನೀನು ಬೇಗ ಅಂಗಡಿಗೆ ಹೋಗಿ ಅಷ್ಟೇ ದೊಡ್ಡ ಕುಂಬಳಕಾಯಿ ಒಡಿ."

ಚೆಲುವರಾಜುವಿನ ಕಣ್ಣಲ್ಲಿ ನೀರು ಬಂತು. ಆನಂದಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ. ಒರೆಸಿಕೊಂಡು ಸ್ವಲ್ಪ ಹೊತ್ತು ಕೂರೋಣವೆಂದು ತಿರುಗಿದರೆ, ಸೋಫಾದ ಎಡತುದಿಯಲ್ಲಿ ಸೋಮಲಿಂಗಪ್ಪನವರು ಕಾಲು ಚಾಚಿ ಕೋಡುಬಳೆ ಡಬ್ಬಿಗೆ ಕೈ ಹಾಕಿದ್ದರು.